ಕೊಳಲಿನ ಪಕ್ಕ ಗಿಟಾರು

(ಸುವರ್ಣ ಮಹೋತ್ಸವದ ಎರಡನೆಯ ದಿನ ಸಂಜೆ, ಕೊಳಲು–ಗಿಟಾರ್ ಜುಗಲ್‌ಬಂದಿಗೆ ಮುಂಚೆ ಆಡಿದ ಮಾತುಗಳ ಬರಹರೂಪ)



ಕಾಲು ಗಂಟೆ ಮಾತು, ಆಮೇಲೆ ವಾದನ ಎಂದು ಸಮಿತಿಯವರು ನಿಗದಿ ಮಾಡಿದ್ದಾರೆ. ನನ್ನ ಪಕ್ಕದಲ್ಲಿ ಕೂತಿರುವವನಿಗೆ ಕಾಲು ಗಂಟೆಯೂ ಹೆಚ್ಚೇ. ಅವನು ಮಾತಾಡುವುದಿಲ್ಲ. ಶಾಲೆಯಲ್ಲೂ ಆಡುತ್ತಿರಲಿಲ್ಲ, ಹಾಜರಿ ಕರೆದಾಗ "ಎಸ್ ಸಾರ್" ಅನ್ನುವುದನ್ನೂ ನಾನೇ ಎಷ್ಟೋ ಸಲ ಅವನ ಪರವಾಗಿ ಕೂಗಿದ್ದೇನೆ. ಆದ್ದರಿಂದ ನಮ್ಮಿಬ್ಬರ ಕಥೆಯನ್ನು ಇವತ್ತೂ ನಾನೇ ಹೇಳಬೇಕು. ಅದರಲ್ಲಿ ನನಗೆ ಮರ್ಯಾದೆ ತರುವ ಭಾಗ ಕಡಿಮೆ. ಇದೇ ಅಂಗಳದಲ್ಲಿ ಹೇಳಿಬಿಡೋಣ ಎಂದು ಬಂದಿದ್ದೇನೆ.

ನಮ್ಮ ಶಾಲೆಯಲ್ಲಿ ಸಂಗೀತದ ಮೇಷ್ಟ್ರು ಯಾವತ್ತೂ ಇರಲಿಲ್ಲ. ಪ್ರಾರ್ಥನೆಗೆ ಒಂದು ಹಾರ್ಮೋನಿಯಂ ಇತ್ತು, ಅದರ ಎರಡು ಮನೆ ಒತ್ತಿದರೆ ಮೇಲೆ ಬರುತ್ತಿರಲಿಲ್ಲ. ನಮಗೆ ಸಂಗೀತ ಹೇಳಿಕೊಟ್ಟವರು ವಿಜ್ಞಾನದ ಮೇಷ್ಟ್ರು, ಅದೂ ಅವರಿಗೆ ಗೊತ್ತಿಲ್ಲದ ಹಾಗೆ. ಎಂಟನೇ ತರಗತಿಯಲ್ಲಿ ಶಬ್ದದ ಪಾಠ. ಮೇಷ್ಟ್ರು ಶಾಲೆಯ ಹಿಂದಿನ ಪರಂಗಿ ಗಿಡದಿಂದ ಎಲೆಯ ದಂಟು ಕೊಯ್ದು ತಂದು, ಗೇಣುದ್ದ, ಅರ್ಧ ಗೇಣು, ನಾಲ್ಕು ಬೆರಳು ಎಂದು ಮೂರು ತುಂಡು ಮಾಡಿ ನನ್ನ ಕೈಗೆ ಕೊಟ್ಟರು. "ಊದೋ." ಊದಿದೆ. ತುಂಡು ಗಿಡ್ಡವಾದಷ್ಟೂ ಸ್ವರ ಮೇಲಕ್ಕೆ ಹೋಯಿತು. ಆಮೇಲೆ ಇವನ ಕಂಪಾಸ್ ಪೆಟ್ಟಿಗೆ ತೆಗೆದುಕೊಂಡು, ಅದಕ್ಕೆ ಎರಡು ರಬ್ಬರ್ ಬ್ಯಾಂಡ್ ಹಾಕಿ, ಒಂದನ್ನು ಬಿಗಿ ಮಾಡಿ ಇನ್ನೊಂದನ್ನು ಸಡಿಲ ಬಿಟ್ಟು "ಮೀಟೋ" ಅಂದರು. ಇವನು ಮೀಟಿದ. ಒಂದು ಗಾಳಿಯ ಕಂಬ, ಇನ್ನೊಂದು ತಂತಿ, ಎರಡೂ ನಡುಗಿದರೆ ಶಬ್ದ, ಇಷ್ಟೇ ಪಾಠ. ಗಂಟೆ ಹೊಡೆದ ಮೇಲೂ ನಾವಿಬ್ಬರು ಊದುತ್ತ ಮೀಟುತ್ತ ಕೂತಿದ್ದೆವು. ಮುಂದಿನ ಪೀರಿಯಡ್ಡಿನ ಗಣಿತದ ಮೇಷ್ಟ್ರು ಬಂದು ಇಬ್ಬರಿಗೂ ಬೆತ್ತದ ರುಚಿ ತೋರಿಸಿದರು. ನಮ್ಮ ಮೊದಲನೇ ಕಛೇರಿಗೆ ಸಿಕ್ಕ ಸಂಭಾವನೆ ಅದು.

ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ನಾನು ಮೈಸೂರಿಗೆ ಹೋಗಿ ಕಾಲೇಜಿನ ಜೊತೆಗೆ ಕೊಳಲು ಕಲಿಯತೊಡಗಿದೆ. ಇವನು ಅದೇ ಊರಿನಲ್ಲಿ ಪಂಪ್‌ಸೆಟ್ ಮೋಟಾರಿಗೆ ತಾಮ್ರದ ತಂತಿ ಸುತ್ತುವ ಕೆಲಸ ಕಲಿತ. ರಾತ್ರಿ ಒಂದು ಆರ್ಕೆಸ್ಟ್ರಾದವರ ಪೆಟ್ಟಿಗೆ ಹೊರುತ್ತಿದ್ದವನು, ಹೊರುತ್ತ ಹೊರುತ್ತ ಅವರ ಗಿಟಾರ್ ನುಡಿಸಲು ಕಲಿತ. ಒಂದು ಭಾನುವಾರ ನನ್ನ ರೂಮಿಗೆ ಒಂದು ಕ್ಯಾಸೆಟ್ ತಂದು ಹಾಕಿದ. ಅದು 1967ರ ‘ಕಾಲ್ ಆಫ್ ದಿ ವ್ಯಾಲಿ’. ಹರಿಪ್ರಸಾದ್ ಚೌರಾಸಿಯಾ ಅವರ ಕೊಳಲು, ಶಿವಕುಮಾರ್ ಶರ್ಮಾ ಅವರ ಸಂತೂರ್, ಬ್ರಿಜ್ ಭೂಷಣ್ ಕಾಬ್ರಾ ಅವರ ಗಿಟಾರು. ಮೂವರಿಗೂ ಆಗ ಮೂವತ್ತರ ಆಸುಪಾಸು. ಕಾಶ್ಮೀರದ ಕಣಿವೆಯಲ್ಲಿ ಒಬ್ಬ ಕುರಿಗಾಹಿಯ ಒಂದು ದಿನವನ್ನು ಬೆಳಗಿನ ಅಹಿರ್ ಭೈರವದಿಂದ ಹಿಡಿದು ಪಹಾಡಿಯವರೆಗೆ ರಾಗಗಳಲ್ಲೇ ಹೇಳಿದ್ದಾರೆ. ನಮ್ಮ ಮೋಹನದ ಸ್ವರಗಳೇ ಇರುವ ಭೂಪ್ ಕೂಡ ಅದರಲ್ಲಿದೆ. ಕುರಿಗಾಹಿ ಎಂದ ಮೇಲೆ ನಮಗೆ ಕಾಶ್ಮೀರವೇನು, ನಮ್ಮೂರ ಹಿಂದಿನ ದಿಬ್ಬವೇನು? ಆ ಕ್ಯಾಸೆಟ್ಟಿನ ಟೇಪು ಸವೆದು ಕಿರಗುಟ್ಟುವವರೆಗೂ ಕೇಳಿದೆವು.

ಕಾಬ್ರಾ ಅವರು ಸರೋದಿನ ಅಲಿ ಅಕ್ಬರ್ ಖಾನರ ಶಿಷ್ಯರು. ಗಿಟಾರನ್ನು ತೊಡೆಯ ಮೇಲೆ ಅಡ್ಡಲಾಗಿ ಮಲಗಿಸಿ, ಎಡಗೈಯಲ್ಲಿ ಒಂದು ಲೋಹದ ತುಂಡು ಹಿಡಿದು ತಂತಿಯ ಮೇಲೆ ಜಾರಿಸುತ್ತಿದ್ದರು. ಹಾಗೆ ಜಾರಿಸಿದರೆ ಒಂದು ಸ್ವರದಿಂದ ಇನ್ನೊಂದಕ್ಕೆ ಎಳೆದುಕೊಂಡು ಹೋಗಬಹುದು, ಮೆಟ್ಟುಗಳ ಕಾಟವೇ ಇಲ್ಲ. ಇವನ ಹತ್ತಿರ ಇದ್ದದ್ದು ಎದೆಗೊರಗಿಸಿ ನುಡಿಸುವ ಸಾಮಾನ್ಯ ಗಿಟಾರು. ಅದರಲ್ಲಿ ಮೆಟ್ಟುಗಳಿವೆ, ಒಂದು ಸ್ಥಾಯಿಗೆ ಹನ್ನೆರಡು. ತೊಂದರೆ ಶುರುವಾದದ್ದೇ ಅಲ್ಲಿ.

ಈ ತೊಂದರೆಯನ್ನು ಮಕ್ಕಳಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಿಟಾರಿನ ಆ ಹನ್ನೆರಡು ಮೆಟ್ಟೂ ಸಮಪಾಲು. ತಂಬೂರಿ ಹಾಕಿಕೊಂಡು ಹಾಡುವವರ ಕಿವಿ ಸಮಪಾಲು ಕೇಳುವುದಿಲ್ಲ. ಒಂದು ಮೆಟ್ಟಿನ ಅಂತರವನ್ನು 100 ಪಾಲು ಮಾಡಿದರೆ, ಗಿಟಾರಿನ ಅಂತರ ಗಾಂಧಾರ ತಂಬೂರಿಯಿಂದ ತಾನಾಗಿ ಹೊಮ್ಮುವ ಗಾಂಧಾರಕ್ಕಿಂತ ಸುಮಾರು 14 ಪಾಲು ಮೇಲೆ ನಿಲ್ಲುತ್ತದೆ. ಕೊಳಲಿನಲ್ಲಿ ನಾನು ತುಟಿ ಸ್ವಲ್ಪ ತಿರುಗಿಸಿದರೆ, ತೂತನ್ನು ಅರ್ಧ ಮುಚ್ಚಿದರೆ, ಆ ಸ್ವರದ ಜಾಗಕ್ಕೆ ಹೋಗಿ ಕೂರಬಲ್ಲೆ. ಇವನಿಗೆ ಆಗದು. ನಾವಿಬ್ಬರೂ ಗಾಂಧಾರದ ಮೇಲೆ ನಿಂತರೆ ಒಂದೇ ಬಾಗಿಲಲ್ಲಿ ಇಬ್ಬರು ನುಗ್ಗಿದ ಹಾಗಾಗುತ್ತಿತ್ತು.

ಇನ್ನೊಂದು ಕಷ್ಟ ತೆರೆದ ತಂತಿಗಳದು. ಗಿಟಾರಿನ ದಪ್ಪ ತಂತಿ ಮೂರು ಮನೆ ಶ್ರುತಿ. ಅದನ್ನೇ ಷಡ್ಜ ಮಾಡಿಕೊಳ್ಳೋಣ ಎಂದು ನಾನು ಆ ಶ್ರುತಿಯ ಉದ್ದ ಕೊಳಲು ಹಿಡಿದೆ. ಆಗ ಅದರ ಮುಂದಿನ ತಂತಿ ಮಧ್ಯಮವಾಗುತ್ತದೆ, ಅದರ ಮುಂದಿನದು ಕೈಶಿಕಿ ನಿಷಾದ. ಮೋಹನದಲ್ಲಿ ಈ ಎರಡಕ್ಕೂ ಜಾಗವಿಲ್ಲ. ಕೈ ತಪ್ಪಿ ತಗುಲಿದರೂ ರಾಗ ಕೆಟ್ಟಿತು. ಇವನು ಒಂದು ವಾರ ಕೂತು ಆರು ತಂತಿಯನ್ನೂ ಷಡ್ಜ ಪಂಚಮಗಳಿಗೇ ತಿರುವಿದ. ಮೊದಲ ದಿನ ಎರಡು ತಂತಿ ಕಡಿದವು, ಒಂದು ಇವನ ಗಲ್ಲಕ್ಕೆ ಬಡಿದು ಗೆರೆ ಎಳೆಯಿತು. ಗಾಂಧಾರ ಬಂದಾಗ ಮೆಟ್ಟಿನ ಮೇಲೆ ನಿಲ್ಲದೆ, ಕೆಳಗಿನ ಮೆಟ್ಟಿನಿಂದ ತಂತಿಯನ್ನು ಪಕ್ಕಕ್ಕೆ ಎಳೆದು ಮುಟ್ಟಿ ಬರುವುದನ್ನು ಕಲಿತ. ಅವನ ಬೆರಳ ತುದಿಗಳನ್ನು ಈಗ ನೋಡಿ, ಮೆಟ್ಟಿನ ಹಾಗೇ ಗಟ್ಟಿಯಾಗಿವೆ.

ಮೂರನೆಯದು ಬಿಸಿ. ಊದುತ್ತ ಊದುತ್ತ ಕೊಳಲಿನೊಳಗಿನ ಗಾಳಿ ಬೆಚ್ಚಗಾಗಿ ಶ್ರುತಿ ಏರುತ್ತದೆ. ದೀಪದ ಶಾಖಕ್ಕೆ ಗಿಟಾರಿನ ತಂತಿ ಹಿಗ್ಗಿ ಶ್ರುತಿ ಇಳಿಯುತ್ತದೆ. ಒಂದೇ ವೇದಿಕೆಯಲ್ಲಿ, ಒಂದೇ ಬಿಸಿಯಲ್ಲಿ, ನಾನು ಮೇಲೆ ಹೋಗುತ್ತೇನೆ, ಅವನು ಕೆಳಗೆ ಹೋಗುತ್ತಾನೆ. ಇದು ಕೊಳಲು ಗಿಟಾರಿನ ಮಾತು. ನಮ್ಮ ಬಾಳಿನಲ್ಲೂ ಹಾಗೇ ಆಯಿತು.

ಆಗ ನಾವು ಮದುವೆ, ಗಣಪತಿ ಉತ್ಸವ, ಕಾಲೇಜು ದಿನಾಚರಣೆ ಎಂದು ಜೊತೆಯಾಗಿ ನುಡಿಸುತ್ತಿದ್ದೆವು. ಅರ್ಧ ರಾಗ, ಅರ್ಧ ಜಾನಪದ. ಒಂದು ದಿನ ಒಂದು ಸಂಗೀತ ಸಭೆಯವರು ನನ್ನನ್ನು ಕರೆದರು. ಕೊಳಲು ಸರಿ, ಗಿಟಾರು ಬೇಡ, ಪಿಟೀಲು ಮೃದಂಗ ನಾವೇ ಕೊಡುತ್ತೇವೆ ಅಂದರು. ನಾನು ಒಪ್ಪಿದೆ. ಒಪ್ಪಿದ್ದಕ್ಕೆ ಇವನು ಬೇಸರಪಡುತ್ತಿರಲಿಲ್ಲ. ಆದರೆ ಹಾಗೆಂದು ಹೇಳುವ ಧೈರ್ಯ ನನಗಿರಲಿಲ್ಲ. ಆ ದಿನದ ಕಾರ್ಯಕ್ರಮ ರದ್ದಾಗಿದೆ ಎಂದು ಇವನಿಗೆ ಸುಳ್ಳು ಹೇಳಿದೆ. ಕಛೇರಿ ಆಯಿತು, ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು, ಆ ನಾಲ್ಕು ಸಾಲನ್ನು ಇವನು ಮೋಟಾರು ಅಂಗಡಿಯಲ್ಲಿ ಬೋಂಡ ಕಟ್ಟಿ ತಂದ ಕಾಗದದಲ್ಲಿ ಓದಿದ. ನಾಲ್ಕು ವರ್ಷ ನಮಗೆ ಮಾತಿರಲಿಲ್ಲ. ಊರಿಗೆ ಬಂದಾಗ ಬಸ್ಸಿನಲ್ಲಿ ಒಂದೇ ಸೀಟು ಖಾಲಿ ಇದ್ದರೂ ಇಬ್ಬರಲ್ಲಿ ಒಬ್ಬರು ನಿಂತೇ ಬರುತ್ತಿದ್ದೆವು. ಇದು ನಿಮ್ಮಲ್ಲಿ ಹಲವರಿಗೆ ಗೊತ್ತು.

ಆ ವರ್ಷಗಳಲ್ಲಿ ನಾನು ನನಗೇ ಒಂದು ಸಮರ್ಥನೆ ಹೇಳಿಕೊಳ್ಳುತ್ತಿದ್ದೆ: ಗಿಟಾರು ನಮ್ಮದಲ್ಲ, ಅದರಲ್ಲಿ ಗಮಕ ಬರುವುದಿಲ್ಲ. ಈಗ ನೆನೆದರೆ ನಗು ಬರುತ್ತದೆ. ಪಿಟೀಲು ಎಲ್ಲಿಂದ ಬಂತು? ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಯೂರೋಪಿನವರಿಂದ ಕಲಿತು ನಮ್ಮ ಸಂಗೀತಕ್ಕೆ ತಂದದ್ದು. ಆ ಪರದೇಶದ ವಾದ್ಯಕ್ಕೆ, ಮೈಕು ಇಲ್ಲದ ಕಾಲದಲ್ಲಿ ಸದ್ದು ದೂರ ಮುಟ್ಟಲಿ ಎಂದು ಮೂರು ತಂತಿ ಹೆಚ್ಚು ಕಟ್ಟಿ ಏಳು ಮಾಡಿದವರು ನಮ್ಮ ತಿರುಮಕೂಡಲಿನ ಚೌಡಯ್ಯನವರು. ಪ್ರಾರ್ಥನೆಗೆ ನಾವು ಬಳಸಿದ ಹಾರ್ಮೋನಿಯಂ ಕೂಡ ಹೊರಗಿನದೇ. ಅದಕ್ಕೆ ಆಕಾಶವಾಣಿ 1940ರಿಂದ 1971ರವರೆಗೆ ಬಾಗಿಲು ಹಾಕಿತ್ತು. ಇನ್ನು ನನ್ನ ಕೊಳಲೇನು ಹುಟ್ಟಿನಿಂದ ಸಭೆಯಲ್ಲಿತ್ತೇ? ದನ ಕಾಯುವವರ ಕೈಯಲ್ಲಿದ್ದುದನ್ನು ದಕ್ಷಿಣದಲ್ಲಿ ಕಣ್ಣು ಕಾಣದ ಶರಭ ಶಾಸ್ತ್ರಿಗಳು ಕಛೇರಿಗೆ ತಂದರು. ಉತ್ತರದಲ್ಲಿ ಪನ್ನಾಲಾಲ್ ಘೋಷರು ಉದ್ದನೆಯ ದೊಡ್ಡ ಕೊಳಲು ಮಾಡಿಕೊಂಡು ಖಯಾಲ್ ನುಡಿಸಿದರು. ನಿನ್ನೆ ಒಳಗೆ ಬಂದವನು ಇವತ್ತು ಬಂದವನನ್ನು ಬಾಗಿಲಲ್ಲಿ ತಡೆದಿದ್ದೆ.

ನಮ್ಮನ್ನು ಮತ್ತೆ ಕೂರಿಸಿದವಳು ನನ್ನವ್ವ. ಅವಳು ರಾಗಿ ಬೀಸುತ್ತ ಹೇಳುತ್ತಿದ್ದ ಒಂದು ಪದವನ್ನು ನಾವಿಬ್ಬರು ಹಿಂದೆ ನುಡಿಸುತ್ತಿದ್ದೆವು. ಕಾಯಿಲೆ ಬಿದ್ದಾಗ ಒಂದು ಸಂಜೆ, "ಆ ಹೈದ ಎಲ್ಲೋ? ಇಬ್ರೂ ಕೂತ್ಕಂಡು ನನ್ ಪದ ಬಾರಿಸ್ರೋ, ಕೇಳ್ತೀನಿ" ಅಂದಳು. ನಾನು ಇವನ ಅಂಗಡಿಯ ಮುಂದೆ ಹೋಗಿ ನಿಂತೆ. ಇವನು ಒಂದು ಮೋಟಾರನ್ನು ಓಡಿಸಿ ಅದರ ಗುಂಯ್ ಸದ್ದಿಗೆ ಕಿವಿ ಕೊಟ್ಟಿದ್ದ. ಸದ್ದಿನಲ್ಲೇ ದೋಷ ಹಿಡಿಯುತ್ತಾನೆ. ಅವ್ವ ಕರೀತವ್ಳೆ ಅಂದೆ. ಇವನು ಮೋಟಾರು ನಿಲ್ಲಿಸಿ, ಕೈ ಒರೆಸಿಕೊಂಡು, ಮನೆಯಿಂದ ಗಿಟಾರು ತಂದು ನನ್ನ ಸ್ಕೂಟರಿನ ಹಿಂದೆ ಕೂತ. ದಾರಿಯಲ್ಲಿ ಒಂದು ಮಾತೂ ಇಲ್ಲ.

ನುಡಿಸಿದೆವು. ನಾನು ಆ ಪದವನ್ನು ಮೋಹನದ ಹತ್ತಿರಕ್ಕೆ ತಿದ್ದಿಕೊಂಡಿದ್ದೆ. ಇವನು ಆರ್ಕೆಸ್ಟ್ರಾದಲ್ಲಿ ಮಾಡುವಂತೆ ಕೆಳಗೆ ಸ್ವರಗಳ ಗೊಂಚಲು ಇಡುತ್ತಿದ್ದ. ಹಿಂದೆ ಎಲ್ಲ ಕಡೆ ಚಪ್ಪಾಳೆ ಬೀಳುತ್ತಿದ್ದದ್ದು ಅದಕ್ಕೇ. ಅವ್ವ ಪೂರ್ತಿ ಕೇಳಿ ಹೇಳಿದಳು, "ಚೆನ್ನಾಗದೆ ಕಣಪ್ಪ. ಆದ್ರೆ ಕಲ್ಲೇ ಇಲ್ವಲ್ಲ ಅದ್ರಲ್ಲಿ."

ನನಗೆ ಅರ್ಥವಾಗಲಿಲ್ಲ, ಇವನಿಗಾಯಿತು. ಬೀಸುವ ಪದಕ್ಕೆ ತಾಳ ಹಾಕುವುದು ಕೈಯಲ್ಲ, ಕಲ್ಲು. ಗೂಟ ಹಿಡಿದು ಕಲ್ಲನ್ನು ತನ್ನತ್ತ ಎಳೆಯುವಾಗ ಒಂದು ಭಾರ, ದೂಡುವಾಗ ಇನ್ನೊಂದು. ಕಾಳು ಹಾಕಲು ಕೈ ಬಿಟ್ಟಾಗ ಪದ ಅರೆಗಳಿಗೆ ತಡೆಯುತ್ತದೆ. ಅಲ್ಲೇ ಅವ್ವ ಉಸಿರು ತೆಗೆದುಕೊಳ್ಳುತ್ತಿದ್ದಳು, ಅಲ್ಲೇ ಅವಳ ಗಾಂಧಾರ ಒಂದಿಷ್ಟು ಜಗ್ಗಿ ಕೆಳಗಿಳಿಯುತ್ತಿತ್ತು. ಆ ಜಗ್ಗಿದ ಸ್ವರ ನನ್ನ ಮೋಹನದಲ್ಲೂ ಇರಲಿಲ್ಲ, ಇವನ ಮೆಟ್ಟಿನಲ್ಲೂ ಇರಲಿಲ್ಲ. ಇವನು ಗೊಂಚಲನ್ನೆಲ್ಲ ಬಿಟ್ಟ. ದಪ್ಪ ತಂತಿಯೊಂದನ್ನೇ ಹಿಡಿದು, ಹೆಬ್ಬೆರಳ ಪಕ್ಕವನ್ನು ಅದರ ಮೇಲೆ ಉದ್ದಕ್ಕೂ ಉಜ್ಜಿದ. ಗರ್ರ್ ಎಂದು ಒಂದು ಸುತ್ತು ಬಂತು. ಇನ್ನೊಂದು ಸುತ್ತು. ನಡುವೆ ತಡೆದ. ಅವ್ವ ಮಲಗಿದ್ದಲ್ಲೇ ಪದ ಎತ್ತಿಕೊಂಡಳು. ನಾನು ಕೊಳಲು ತುಟಿಗೆ ಇಡದೆ ಕೂತು ಕೇಳಿದೆ. ಎರಡನೆಯ ಸಲಕ್ಕೆ ಅವಳ ಹಿಂದೆ ಹಿಂದೆ ಊದಿದೆ, ತಿದ್ದದೆ.

ಅವ್ವ ಆಮೇಲೆ ಮೂರು ತಿಂಗಳಿದ್ದಳು. ಇವನು ಪ್ರತಿ ಭಾನುವಾರ ಬಂದ.

ಅವತ್ತು ರಾತ್ರಿ ಬಸ್‌ಸ್ಟಾಪಿನಲ್ಲಿ ನಾನು ಇವನನ್ನು ಕ್ಷಮೆ ಕೇಳಿದೆ. ಸುಳ್ಳು ಹೇಳಿದ್ದು ಊರಿಗೆಲ್ಲ ಗೊತ್ತಿತ್ತು, ಕ್ಷಮೆ ಕೇಳಿದ್ದು ಇವನೊಬ್ಬನಿಗೇ ಗೊತ್ತು. ಲೆಕ್ಕ ಸರಿಯಾಗಲಿ ಎಂದು ಈಗ ನಿಮ್ಮೆಲ್ಲರ ಎದುರಿಗೆ ಇನ್ನೊಂದು ಸಲ ಕೇಳುತ್ತಿದ್ದೇನೆ. ತಪ್ಪಾಯ್ತು ಕಣೋ. ನೋಡಿ, ಈಗಲೂ ಅವನು ಮಾತಾಡುವುದಿಲ್ಲ, ತಂತಿಯ ಕಿವಿ ತಿರುಗಿಸುತ್ತಿದ್ದಾನೆ.

ಇವತ್ತು ಮೊದಲು ಮೋಹನ ನುಡಿಸುತ್ತೇವೆ. ಆಮೇಲೆ ಅವ್ವನ ಪದ. ಕೊನೆಗೆ ಮಾದಪ್ಪನ ಪದ. ಇವನ ತಂದೆ ದೇವರಗುಡ್ಡರಾಗಿ ಮನೆಮನೆಗೆ ಹೋಗಿ ಹಾಡುತ್ತಿದ್ದುದನ್ನು ಹಿರಿಯರು ಕೇಳಿದ್ದೀರಿ. ಅವರ ಕೈಯ ಕಂಸಾಳೆಯನ್ನು ಇವತ್ತು ಬಾರಿಸುವವನು ನಮ್ಮ ಶಾಲೆಯ ಹತ್ತನೇ ತರಗತಿಯ ಹುಡುಗ, ಇವನ ಅಣ್ಣನ ಮೊಮ್ಮಗ. ಅವನಿಗೆ ನಾಳೆ ಕಿರುಪರೀಕ್ಷೆ ಇದೆಯಂತೆ, ಗಣಿತದ ಮೇಷ್ಟ್ರು ದಯಮಾಡಿ ಬೆತ್ತ ದೂರ ಇಡಬೇಕು.

ನಮ್ಮ ವಿಜ್ಞಾನದ ಮೇಷ್ಟ್ರು ಎರಡನೆಯ ಸಾಲಿನಲ್ಲಿ ಕೂತಿದ್ದಾರೆ. ಸಾರ್, ಪರಂಗಿ ಗಿಡ ಈಗಿಲ್ಲ, ಆ ಜಾಗದಲ್ಲಿ ನೀರಿನ ಟ್ಯಾಂಕು ಬಂದಿದೆ.

ಒಂದು ವಿನಂತಿ. ವೇದಿಕೆಯ ಎಡಗಡೆಯ ಆ ದೊಡ್ಡ ದೀಪವನ್ನು ಯಾರಾದರೂ ಆರಿಸಿಬಿಡಿ, ಇವನ ತಂತಿ ಇಳಿಯುತ್ತಿದೆ. ಹಾಂ, ಸಾಕು. ಜನರೇಟರ್ ಇರಲಿ, ಅದನ್ನು ರಿಪೇರಿ ಮಾಡಿದವನೂ ಇವನೇ. ಒಂದು ನಿಮಿಷ ಕೊಡಿ, ಶ್ರುತಿ ಸೇರಿಸಿಕೊಳ್ಳುತ್ತೇವೆ.