ಬಸುರಿಯರು ಒಟ್ಟಿಗೆ ಕೂತರೆ

(ಸಂಘದ ರಜತ ಮಹೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಹಾಲಿನ ಸಂಘದ ಹಬ್ಬದಲ್ಲಿ ಬಸುರಿಯರ ಮಾತೇಕೆ ಅಂತ ಕೆಲವರು ಕೇಳಬಹುದು. ಇಲ್ಲಿಗೆ ಬೆಳಿಗ್ಗೆ, ಸಂಜೆ ಕ್ಯಾನು ಹೊತ್ತು ಬರುವವರಲ್ಲಿ ಏಳು ತಿಂಗಳ ಬಸುರಿಯರೂ ಇದ್ದಾರಲ್ಲ, ಅದಕ್ಕೇ ಇಲ್ಲಿ ಆಡುತ್ತಿದ್ದೇವೆ.

ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಲ್ಲಿ ಪ್ರತಿ ತಿಂಗಳ 9ನೇ ತಾರೀಕು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ತಪಾಸಣೆ 2016ರಿಂದ ಇದೆ. ಒಳ್ಳೆಯದೇ. ಆದರೆ ತಾಯಿ ಕಾರ್ಡು ಹಿಡಿದು ಗಂಟೆಗಟ್ಟಲೆ ಕೂತರೆ ಡಾಕ್ಟರ ಮುಂದೆ ಎರಡು ನಿಮಿಷ. "ಏನಾದ್ರೂ ತೊಂದ್ರೆ ಇದ್ಯಾ?" "ಇಲ್ಲ ಡಾಕ್ಟ್ರೇ." ಕಾಲು ಊದಿದ್ದು, ಕಣ್ಣು ಮಂಜಾಗಿದ್ದು, ಕಬ್ಬಿಣದ ಮಾತ್ರೆ ತಿಪ್ಪೆಗೆ ಹೋಗಿದ್ದು, ಯಾವುದೂ ಬಾಯಿಗೆ ಬರುವುದಿಲ್ಲ. ಆಚೆ ಬೆಂಚಿನ ಮೇಲೆ ಪಕ್ಕದವಳ ಹತ್ತಿರ ಎಲ್ಲಾ ಹೇಳುತ್ತೇವೆ!

ಈ ಮಾತುಕತೆಗೇ ತಪಾಸಣೆಯಲ್ಲಿ ಜಾಗ ಕೊಟ್ಟವರು ಅಮೆರಿಕದ ಸೂಲಗಿತ್ತಿ ನರ್ಸ್ ಶರನ್ ಶಿಂಡ್ಲರ್ ರೈಸಿಂಗ್. 1990ರ ದಶಕದಲ್ಲಿ ಅವರು ಆರಂಭಿಸಿದ ಪದ್ಧತಿಯಲ್ಲಿ, ಹೆಚ್ಚುಕಡಿಮೆ ಒಂದೇ ಸಮಯಕ್ಕೆ ಹೆರಿಗೆಯಿರುವ 8ರಿಂದ 12 ಮಂದಿ ಸುತ್ತಲೂ ಕೂರುತ್ತಾರೆ. ಸಲಕ್ಕೆ ಒಂದೂವರೆ, ಎರಡು ಗಂಟೆ. ತೂಕ, ಬಿ.ಪಿ. ತಾವೇ ನೋಡಿ ಬರೆದುಕೊಳ್ಳುತ್ತಾರೆ. ಹೊಟ್ಟೆ ಮುಟ್ಟಿ ನೋಡುವುದು ಮಾತ್ರ ಮರೆಯಲ್ಲಿ. 2007ರಲ್ಲಿ ಪ್ರಕಟವಾದ 1,047 ಹೆಂಗಸರ ಅಧ್ಯಯನದಲ್ಲಿ ದಿನ ತುಂಬದ ಹೆರಿಗೆ ಒಬ್ಬೊಬ್ಬರಾಗಿ ಹೋದವರಲ್ಲಿ ನೂರಕ್ಕೆ 13.8, ಗುಂಪಿನವರಲ್ಲಿ 9.8. ಆಮೇಲಿನ ಎಲ್ಲ ಅಧ್ಯಯನಗಳಲ್ಲಿ ಇಷ್ಟು ಅಂತರ ಕಂಡಿಲ್ಲ, ಅದನ್ನೂ ಹೇಳಬೇಕು. ಆದರೆ ಗುಂಪಿನಲ್ಲಿ ಕೂತವರು ಅನೇಕ ಕಡೆ ಹೇಳಿದ್ದು ಒಂದೇ: ತನಗೊಬ್ಬಳಿಗೇ ಹೀಗಾಗುತ್ತಿದೆ ಎಂಬ ಭಯ ಹೋಯಿತು, ತಾನು ಕೇಳಲು ನಾಚಿದ್ದನ್ನು ಇನ್ನೊಬ್ಬಳು ಕೇಳಿದಳು. ನಾಲ್ಕು ಜನರ ಮುಂದೆ ಮನೆ ವಿಷಯ ಎತ್ತಲು ಕೆಲವರಿಗೆ ಸಂಕೋಚವೂ ಆಗಿದೆ. ನಮ್ಮೂರಲ್ಲಂತೂ ಸಂಜೆಯೊಳಗೆ ಅತ್ತೆ ಕಿವಿಗೆ ಮುಟ್ಟುತ್ತೆ!

ದೂರದ ಮಾತು ಬೇಡ ಅನ್ನುವವರಿಗೆ ಜಾರ್ಖಂಡ್, ಒಡಿಶಾದ ಹಳ್ಳಿಗಳಿವೆ. ಅಲ್ಲಿ 2005ರಿಂದ 2008ರವರೆಗೆ 'ಏಕಜುಟ್' ಸಂಸ್ಥೆ ಹೆಂಗಸರನ್ನು ತಿಂಗಳಿಗೊಮ್ಮೆ ಕೂರಿಸಿ ಬಸಿರು, ಬಾಣಂತನದ ಕಷ್ಟಗಳನ್ನು ಚರ್ಚಿಸಿತು. ಗುಂಪುಗಳಿಲ್ಲದ ಹಳ್ಳಿಗಳಿಗೆ ಹೋಲಿಸಿದರೆ ಹಸುಗೂಸುಗಳ ಸಾವು ನೂರಕ್ಕೆ 32ರಷ್ಟು ಕಡಿಮೆಯಾಯಿತು.

ಹಾಲಿನ ಫ್ಯಾಟು ಎಷ್ಟು ಬಂತು ಅಂತ ಬಗ್ಗಿ ನೋಡುವ ನಾವು ನಮ್ಮ ರಕ್ತ ಎಷ್ಟಿದೆ ಅಂತ ಕೇಳೋದಿಲ್ಲ. ಬಸುರಿಗೆ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಿದ್ದರೆ ರಕ್ತಹೀನತೆ.

ಆದ್ದರಿಂದ ಆಡಳಿತ ಮಂಡಳಿಯಲ್ಲಿ ನಮ್ಮದೊಂದು ಬೇಡಿಕೆ. ಪಶು ಆಹಾರದ ಗೋದಾಮಿನ ಪಕ್ಕದ ಕೋಣೆಯನ್ನು ತಿಂಗಳಿಗೊಂದು ಮಧ್ಯಾಹ್ನ ನಮಗೆ ಬಿಟ್ಟುಕೊಡಿ. ಆಶಾ ಕಾರ್ಯಕರ್ತೆ, ಸಿಸ್ಟರ್ ಬರಲು ಒಪ್ಪಿದ್ದಾರೆ. 9ನೇ ತಾರೀಕಿನ ತಪಾಸಣೆಗೂ ತಪ್ಪದೆ ಹೋಗುತ್ತೇವೆ. ಜಮಖಾನೆ ನಾವೇ ತರುತ್ತೇವೆ. ಒಂದು ಪರದೆ, ಒಂದು ತೂಕದ ಯಂತ್ರ ಸಂಘದಿಂದ ಆಗಲಿ.