ಅಣ್ಣನಿಗಾದದ್ದು ತಮ್ಮನಿಗೂ ಆಗುವುದೇ?

ವಿಜಯವಾಡದಲ್ಲಿ ನೆಲೆಸಿರುವ ಕನ್ನಡಿಗರೊಬ್ಬರು ನನ್ನನ್ನು ಕೇಳಿದ ಪ್ರಶ್ನೆಯಿಂದಲೇ ಇಂದಿನ ಮಾತು ಆರಂಭಿಸುತ್ತೇನೆ. ಅವರ ಅಣ್ಣ ವಿಶಾಖಪಟ್ಟಣದಲ್ಲಿದ್ದರು. 2021ರ ಮೇ ತಿಂಗಳಲ್ಲಿ ಇಬ್ಬರಿಗೂ ಒಂದೇ ವಾರ ಕೋವಿಡ್ ತಗಲಿತು. ತಮ್ಮ ನಾಲ್ಕು ದಿನ ಜ್ವರದಲ್ಲಿ ಮಲಗಿ ಎದ್ದರು. ಅಣ್ಣ ಹನ್ನೊಂದನೆಯ ದಿನ ತೀರಿಕೊಂಡರು. "ಡಾಕ್ಟ್ರೇ, ಇದು ನಮ್ಮ ವಂಶದಲ್ಲೇ ಇದೆಯೇ? ಅಣ್ಣನ ಮಕ್ಕಳಿಗೆ, ನನ್ನ ಮಗಳಿಗೆ ಜೀನ್ ಪರೀಕ್ಷೆ ಮಾಡಿಸಬೇಕೇ?" ಎಂದು ಕೇಳಿದರು.

ಇದೆ ಎಂದರೂ ಪೂರ್ತಿ ನಿಜವಲ್ಲ, ಇಲ್ಲ ಎಂದರೂ ಅಲ್ಲ.

2020ರಲ್ಲಿ ಹ್ಯೂಗೋ ಜೆಬರ್ಗ್ ಮತ್ತು ಸ್ವಾಂಟೆ ಪಾಬೊ ಎಂಬ ವಿಜ್ಞಾನಿಗಳು ಒಂದು ಸಂಗತಿ ಪ್ರಕಟಿಸಿದರು. ನಮ್ಮ ಮೂರನೆಯ ವರ್ಣತಂತುವಿನಲ್ಲಿ ಒಂದು ನಿರ್ದಿಷ್ಟ ತುಣುಕು ಇದ್ದವರಿಗೆ ಕೋವಿಡ್ ಉಲ್ಬಣಿಸುವ ಸಂಭವ ಹೆಚ್ಚು. ಅದು ಬಂದದ್ದು ಸುಮಾರು 60,000 ವರ್ಷಗಳ ಹಿಂದೆ, ನಿಯಾಂಡರ್ತಾಲ್ ಮಾನವರಿಂದ! ಯೂರೋಪಿನಲ್ಲಿ ಶೇಕಡಾ 16ರಷ್ಟು ಜನರಲ್ಲಿ ಅದಿದ್ದರೆ ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿದೆ. ಈ ಸುದ್ದಿ ಓದಿ ಗಾಬರಿಯಾದವರು ಬಹಳ ಮಂದಿ.

ಹಾಗಿದ್ದರೆ ನಮ್ಮಲ್ಲಿ ಆ ತುಣುಕು ಹೆಚ್ಚಿರುವ ಕಡೆ ಸಾವೂ ಹೆಚ್ಚಬೇಕಿತ್ತಲ್ಲವೇ? ಹೈದರಾಬಾದಿನ ಕೆ. ತಂಗರಾಜ್, ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಜ್ಞಾನೇಶ್ವರ ಚೌಬೆ ಮತ್ತು ಸಂಗಡಿಗರು 2021ರಲ್ಲಿ ಇದನ್ನು ಹೋಲಿಸಿ ನೋಡಿದರು. ಅಂಥ ತಾಳೆ ಕಾಣಲಿಲ್ಲ. ಯೂರೋಪಿಯನ್ನರ ಲೆಕ್ಕವನ್ನು ನಮಗೆ ಹಾಗೆಯೇ ಅನ್ವಯಿಸುವಂತಿಲ್ಲ.

ಇನ್ನೊಂದು ಸೋಜಿಗ. ಎಚ್‌ಐವಿ ಹೊಸ ಸೋಂಕಾಗಿ ಹಬ್ಬಿದ ಕಾಲದಲ್ಲಿ ಆಂಧ್ರ ಅತಿ ಹೆಚ್ಚು ಪೀಡಿತ ರಾಜ್ಯಗಳಲ್ಲೊಂದಾಗಿತ್ತು. ಜೆಬರ್ಗ್ 2022ರಲ್ಲಿ ಕಂಡುಕೊಂಡಂತೆ, ಕೋವಿಡ್ ಉಲ್ಬಣಿಸುವ ಇದೇ ತುಣುಕು ಇದ್ದವರಿಗೆ ಎಚ್‌ಐವಿ ತಗಲುವ ಸಂಭವ ಶೇಕಡಾ 27ರಷ್ಟು ಕಡಿಮೆ. ಇದನ್ನು ಕೆಟ್ಟ ಜೀನ್ ಎನ್ನೋಣವೇ, ಒಳ್ಳೆಯದೆನ್ನೋಣವೇ?

ಜೀನ್ ನೇರವಾಗಿ ಉತ್ತರ ಕೊಡುವ ಸಂದರ್ಭಗಳೂ ಇವೆ. ಆಂಧ್ರದ ವೈಶ್ಯ ಸಮುದಾಯದ ಕೆಲವರಿಗೆ, ಶಸ್ತ್ರಚಿಕಿತ್ಸೆಗೆ ಮುನ್ನ ಸ್ನಾಯು ಸಡಿಲಿಸಲು ಕೊಡುವ ಒಂದು ಔಷಧಿಯ ಪರಿಣಾಮ ಬೇಗ ಇಳಿಯುವುದಿಲ್ಲ. ಕಾರಣ ಒಂದೇ ಜೀನು. ಅದು ಗೊತ್ತಾದರೆ ಅರಿವಳಿಕೆ ವೈದ್ಯರು ಔಷಧಿ ಬದಲಿಸುತ್ತಾರೆ, ಅಷ್ಟೇ. ವೈರಾಣುವಿನ ವಿಷಯ ಹಾಗಲ್ಲ. ಹತ್ತಾರು ಜೀನುಗಳು ಸೇರಿ ಸ್ವಲ್ಪ ಸ್ವಲ್ಪ ತೂಗುತ್ತವೆ. ಜೊತೆಗೆ ಅಣ್ಣನಿಗೆ ಬಂದ ತುಣುಕು ತಮ್ಮನಿಗೂ ಬಂದಿರಲೇಬೇಕೆಂದಿಲ್ಲ. ತಂದೆತಾಯಿಯರ ಎರಡು ಪ್ರತಿಗಳಲ್ಲಿ ಯಾವುದು ಯಾವ ಮಗುವಿಗೆ ಎಂಬುದು ನಾಣ್ಯ ಚಿಮ್ಮಿದ ಹಾಗೆ.

ಯಾವ ಕಾಯಿಲೆಯೂ ಇಲ್ಲದ ಎಳೆಯರು ಸಾಮಾನ್ಯ ವೈರಾಣುವಿಗೂ ಪದೇ ಪದೇ ಐಸಿಯು ಸೇರುವಂತಾದರೆ ಮಾತು ಬೇರೆ. ಇಂಟರ್‌ಫೆರಾನ್ ಎಂಬ ರಕ್ಷಕ ವಸ್ತುವಿನ ದೋಷ ಇರಬಹುದು; ಆಗ ತಜ್ಞರನ್ನು ಕಾಣಲೇಬೇಕು.

ಈ ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ. ಅಣ್ಣನಿಗೆ ವಯಸ್ಸು 61, ತಮ್ಮನಿಗೆ 47. ಅಣ್ಣನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ, ಲಸಿಕೆ ಇನ್ನೂ ಹಾಕಿಸಿರಲಿಲ್ಲ. ಇದನ್ನು ಹೇಳುತ್ತಲೇ ತಮ್ಮ ಕಣ್ಣೊರೆಸಿಕೊಂಡರು. "ನಾನೇ ಕರೆದುಕೊಂಡು ಹೋಗಿ ಹಾಕಿಸಬೇಕಿತ್ತು" ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಜೀನ್ ಪರೀಕ್ಷೆಯ ಹಣ ಉಳಿಸಿ, ಅಣ್ಣನ ಮಕ್ಕಳಿಗೆ ವರ್ಷಕ್ಕೊಮ್ಮೆ ಸಕ್ಕರೆ ಪರೀಕ್ಷೆ ಮಾಡಿಸಿ ಎಂದೆ. ಸಕ್ಕರೆ ಕಾಯಿಲೆ ವಂಶದಲ್ಲಿ ಹರಿದು ಬರುವುದುಂಟು.