ಕೋವಿಯ ಪರವಾನಗಿಯೂ ಊರಿನ ನೆಮ್ಮದಿಯೂ
(ಕುಂದಾಪುರದಲ್ಲಿ ಮಾಡಿದ ಭಾಷಣ)



ಉಪಾಧ್ಯಾಯರೂ ಪೇಟೆಯ ಗೃಹಸ್ಥರೂ ನೆರೆದ ಈ ಸಭೆಗೆ ಕೋವಿಯ ಮಾತು ಒಪ್ಪುವದೇ ಎಂದು ತಮ್ಮಲ್ಲಿ ಕೆಲವರಿಗೆ ತೋರಬಹುದು. ಜಡ್ಕಲ್, ಮುದೂರು, ಅಮಾಸೆಬೈಲು, ಹೊಸಂಗಡಿಗಳ ಕಡೆಯಿಂದ ಬಂದವರಿಗೆ ಮಾತ್ರ ಈ ಸಂಶಯವು ಉಂಟಾಗಲಾರದು. ಘಟ್ಟದ ಬುಡದ ಆ ಊರುಗಳಲ್ಲಿ ಕತ್ತಲಾಯಿತೆಂದರೆ ಹಂದಿಯ ಹಿಂಡು ಗದ್ದೆಗಿಳಿಯುವದು. ಹಗಲಲ್ಲಿ ಮಂಗಗಳು ತೆಂಗಿನ ಎಳನೀರನ್ನೂ ಬಾಳೆಯ ಗೊನೆಯನ್ನೂ ಬಿಡುವದಿಲ್ಲ. ಕಾಡುಕೋಣವು ಒಮ್ಮೆ ತೋಟವನ್ನು ಹಾದುಹೋದರೆ ಎಳೆಯ ಅಡಕೆಸಸಿಗಳ ಲೆಕ್ಕವನ್ನು ಹೊಸದಾಗಿ ಮಾಡಬೇಕಾಗುವದು. ಕೊಲ್ಲೂರಿನ ಸುತ್ತಲಿನ ಕಾಡು ೧೯೭೪ರಲ್ಲಿ ಮೂಕಾಂಬಿಕಾ ವನ್ಯಧಾಮವಾಯಿತು. ಅದು ಆಗಬೇಕಾದದ್ದೇ. ಆದರೆ ಅಭಯಾರಣ್ಯದ ಗಡಿಯು ನಕ್ಷೆಯ ಮೇಲಿನ ಗೆರೆಯೇ ಹೊರತು ಹಂದಿಯು ಓದಬಲ್ಲ ಗೆರೆಯಲ್ಲ. ಇಂಥ ಕಡೆಯ ಒಕ್ಕಲಿಗೆ ಬೆಡಿಯೆಂಬದು ನೇಗಿಲಿನಂತೆಯೇ ಒಂದು ಉಪಕರಣವು. (ನಮ್ಮ ಕಡೆ ಉತ್ಸವದ ಸಿಡಿಮದ್ದಿಗೂ ಬೆಡಿಯೆಂದೇ ಹೆಸರು. ನಾವಿಲ್ಲಿ ಹೇಳುವದು ನಳಿಗೆಯುಳ್ಳ ಬೆಡಿಯನ್ನು.)

ಶಸ್ತ್ರದ ಹಕ್ಕಿನ ಪ್ರಶ್ನೆಯು ನಮ್ಮ ದೇಶಕ್ಕೆ ಹೊಸದಲ್ಲ. ೧೮೭೮ರ ಶಸ್ತ್ರ ಕಾಯಿದೆಯಿಂದ ಇಂಗ್ಲಿಷ್ ಸರಕಾರವು ದೇಶೀಯನಿಗೆ ಪರವಾನಗಿಯನ್ನು ಕಡ್ಡಾಯ ಮಾಡಿ, ಯುರೋಪಿಯನರನ್ನು ಬಹುಮಟ್ಟಿಗೆ ಆ ಕಟ್ಟಿನಿಂದ ಹೊರಗಿಟ್ಟಿತು. ಜನರ ಮನಸ್ಸನ್ನು ನೋಯಿಸಿದ್ದು ಪರವಾನಗಿಗಿಂತ ಹೆಚ್ಚಾಗಿ ಈ ಪಂಕ್ತಿಭೇದವು. ಅಹಿಂಸೆಯ ಆಚಾರ್ಯರಾದ ಗಾಂಧೀಜಿಯವರೇ ೧೯೩೦ರಲ್ಲಿ ವೈಸರಾಯರ ಮುಂದಿಟ್ಟ ಹನ್ನೊಂದು ಬೇಡಿಕೆಗಳಲ್ಲಿ, ಆತ್ಮರಕ್ಷಣೆಗಾಗಿ ಕೋವಿಯ ಪರವಾನಗಿಯನ್ನು ಜನರ ಹತೋಟಿಗೆ ಒಳಪಟ್ಟು ಕೊಡಬೇಕೆಂಬದೂ ಒಂದಾಗಿತ್ತು. ‘ಜನರ ಹತೋಟಿ’ ಎಂಬ ಈ ಮಾತನ್ನು ತಾವು ನೆನಪಿನಲ್ಲಿಡಬೇಕು. ನಾವು ಅದಕ್ಕೆ ಮರಳಿ ಬರುವೆವು. ಮರುವರುಷ ಕರಾಚಿಯ ಕಾಂಗ್ರೆಸ್ಸು ನಿಯಮಕ್ಕೊಳಪಟ್ಟ ಶಸ್ತ್ರಧಾರಣೆಯನ್ನು ಮೂಲಭೂತ ಹಕ್ಕುಗಳಲ್ಲಿ ಎಣಿಸಿತು.

೧೯೪೮ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಆ ನಿರ್ಣಯವನ್ನು ಎತ್ತಿ ಹಿಡಿದವರು ನಮ್ಮ ಕರಾವಳಿಯ ಮಂಗಳೂರಿನಲ್ಲಿಯೇ ಹುಟ್ಟಿದ ಹರಿ ವಿಷ್ಣು ಕಾಮತರು. ಶಸ್ತ್ರವನ್ನು ಇಟ್ಟುಕೊಳ್ಳುವ ಹಕ್ಕನ್ನೂ ಸ್ವಾತಂತ್ರ್ಯಗಳ ಪಟ್ಟಿಯಲ್ಲಿ ಸೇರಿಸಬೇಕೆಂದು ಅವರು ತಿದ್ದುಪಡಿ ತಂದರು. ಡಾಕ್ಟರ್ ಅಂಬೇಡಕರರು ಅದನ್ನು ಒಪ್ಪಲಿಲ್ಲ. ವಿವೇಚನೆಯಿಲ್ಲದೆ ಎಲ್ಲರಿಗೂ ಇಂಥ ಹಕ್ಕನ್ನು ಕೊಡುವದು ಶಾಂತಿಗೆ ಹಿತವಲ್ಲವೆಂಬದು ಅವರ ವಾದವಾಗಿತ್ತು. ತಿದ್ದುಪಡಿ ಬಿದ್ದುಹೋಯಿತು. ಅಮೇರಿಕದವರು ೧೭೯೧ರಲ್ಲಿ ಹಿಡಿದ ದಾರಿಯನ್ನು ನಾವು ಹಿಡಿಯಲಿಲ್ಲ. ಅದರ ವಿಷಯದಲ್ಲಿ ಪಶ್ಚಾತ್ತಾಪಪಡಲು ಕಾರಣವೂ ನಮಗೆ ಕಾಣುವದಿಲ್ಲ. ಅಲ್ಲಿಯ ಶಾಲೆಗಳಲ್ಲಿ ಮಕ್ಕಳ ಮೇಲೆ ಗುಂಡು ಹಾರಿದ ಸುದ್ದಿಯನ್ನು ಓದಿದ ಯಾವ ಉಪಾಧ್ಯಾಯನೂ ಆ ದಾರಿಯನ್ನು ಬಯಸಲಾರನು.

ಆದರೆ ಮೂಲಭೂತ ಹಕ್ಕಲ್ಲವೆಂದ ಮಾತ್ರಕ್ಕೆ ಹಕ್ಕೇ ಇಲ್ಲವೆಂದು ಅರ್ಥವಾಗಲಾರದು. ೧೯೫೯ರ ಶಸ್ತ್ರ ಕಾಯಿದೆಯನ್ನು ಓದಿದವರಿಗೆ ಇದು ಸ್ಪಷ್ಟವಾಗುವದು. ನಿಜವಾಗಿಯೂ ಬೆಳೆಯ ರಕ್ಷಣೆಗಾಗಿ ಕೇಪಿನ ಕೋವಿಯನ್ನು ಬೇಡುವವನಿಗೆ ಪರವಾನಗಿ ಕೊಡಬೇಕೆಂದೂ, ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ತೋಟಾಕೋವಿಗೂ ಕೊಡಬಹುದೆಂದೂ ಅದರ ೧೩ನೆಯ ಕಲಮು ಹೇಳುತ್ತದೆ. ಕೇವಲ ಆಸ್ತಿ ಸಾಲದೆಂಬ ಕಾರಣದಿಂದ ನಿರಾಕರಿಸಕೂಡದೆಂದು ೧೪ನೆಯ ಕಲಮು ಹೇಳುತ್ತದೆ. ಇದು ನಮಗೆ ಬಹಳ ಮೆಚ್ಚಿಗೆಯಾದ ಮಾತು. ಯಾತಕ್ಕೆಂದರೆ ಹಂದಿಯು ಐವತ್ತು ಸೆಂಟ್ಸಿನ ಗದ್ದೆಯನ್ನು ಬಡವನದೆಂದು ಬಿಟ್ಟುಹೋಗುವದಿಲ್ಲ. ಇನ್ನೊಂದು ಕಡೆಯಿಂದ, ಸಾರ್ವಜನಿಕ ಶಾಂತಿಗೆ ಭಂಗವೆಂದು ಕಂಡರೆ ನಿರಾಕರಿಸುವ, ಕೊಟ್ಟದ್ದನ್ನು ರದ್ದುಮಾಡುವ ಅಧಿಕಾರವೂ ಅದೇ ಕಾಯಿದೆಯಲ್ಲಿದೆ. ೨೦೧೯ರ ತಿದ್ದುಪಡಿಯಿಂದ ಒಬ್ಬನಿಗೆ ಮೂರರ ಬದಲು ಎರಡೇ ಕೋವಿಗಳೆಂದಾಯಿತು. ಪರವಾನಗಿಯ ಅವಧಿ ಮಾತ್ರ ಮೂರು ವರುಷದಿಂದ ಐದಕ್ಕೆ ಏರಿತು. ಮದುವೆಮೆರವಣಿಗೆಯಲ್ಲಿ ಹುಚ್ಚುಸಂಭ್ರಮದಿಂದ ಗುಂಡು ಹಾರಿಸಿ ಪರರ ಪ್ರಾಣಕ್ಕೆ ಅಪಾಯ ತರುವವನಿಗೆ ಎರಡು ವರುಷದವರೆಗೆ ಸೆರೆ, ಇಲ್ಲವೆ ಒಂದು ಲಕ್ಷ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ ಎಂದಾಯಿತು.

ಕಾಯಿದೆಯು ಸಮತೂಕದ್ದೇ ಆದರೂ ಅದನ್ನು ನಡೆಸುವ ರೀತಿಯು ಸಮತೂಕದ್ದಲ್ಲವೆಂಬದು ನಮ್ಮ ಆಕ್ಷೇಪವು. ಚುನಾವಣೆಯ ಕಾಲವನ್ನೇ ತೆಗೆದುಕೊಳ್ಳೋಣ. ೨೦೨೪ರಲ್ಲಿ ಲೋಕಸಭೆಯ ಚುನಾವಣೆಯು ಮಾರ್ಚ್ ೧೬ರಂದು ಘೋಷಿತವಾಯಿತು. ಕುಂದಾಪುರದವರು ಉಡುಪಿ-ಚಿಕ್ಕಮಗಳೂರು ಕ್ಷೇತ್ರಕ್ಕೆ ಸೇರಿದವರಾದುದರಿಂದ ಏಪ್ರಿಲ್ ೨೬ರಂದು ಮತ ಕೊಟ್ಟರು. ಬೈಂದೂರಿನವರು ಶಿವಮೊಗ್ಗ ಕ್ಷೇತ್ರದವರಾದುದರಿಂದ ಮೇ ೭ರಂದು ಕೊಟ್ಟರು. ಎಣಿಕೆ ಜೂನ್ ೪ರಂದು. ಘೋಷಣೆಯಿಂದ ಎಣಿಕೆಯವರೆಗೆ ಎಂಬತ್ತು ದಿನಗಳು! ಕಾಡಿನೊಳಗಿನ ಹಳ್ಳಗಳು ಬತ್ತಿ ಮೃಗಗಳು ನೀರನ್ನು ಅರಸಿ ತೋಟಗಳಿಗೆ ಇಳಿಯುವದು ಈ ಎಂಬತ್ತು ದಿನಗಳಲ್ಲಿಯೇ. ಇಂಥ ಹೊತ್ತಿನಲ್ಲಿ ಕೃಷಿಕನು ಕೋವಿಯನ್ನು ಠಾಣೆಯಲ್ಲಿ ಠೇವಣಿಯಿಟ್ಟು ರಶೀದಿಯನ್ನು ಹಿಡಿದು ಮನೆಗೆ ಬರಬೇಕೆಂದರೆ, ರಶೀದಿಯನ್ನು ತೋರಿಸಿದರೆ ಹಂದಿ ಓಡುವದೇ?

ಚುನಾವಣೆಯಲ್ಲಿ ಕೋವಿಯ ಭಯವು ಸುಳ್ಳೆಂದು ನಾವು ಹೇಳುವದಿಲ್ಲ. ಮತದಾರನನ್ನು ಹೆದರಿಸಲು ಶಸ್ತ್ರವನ್ನು ಬಳಸಿದ ಪ್ರಾಂತಗಳು ಈ ದೇಶದಲ್ಲಿವೆ. ಆದರೆ ಚುನಾವಣಾ ಆಯೋಗವೇ ಎಲ್ಲರ ಕೋವಿಗಳನ್ನೂ ಒಟ್ಟಿಗೆ ಕಸಿದುಕೊಳ್ಳೆಂದು ಹೇಳಿಲ್ಲ. ಮುಂಬಯಿ ಹೈಕೋರ್ಟಿನ ತೀರ್ಪಿನ ಅನಂತರ ೨೦೦೯ರಲ್ಲಿ ಅದು ಕೊಟ್ಟ ಸೂಚನೆಯಂತೆ ಜಿಲ್ಲೆಗೊಂದು ಪರಿಶೀಲನಾ ಸಮಿತಿಯಿರಬೇಕು. ಜಾಮೀನಿನ ಮೇಲಿರುವವರು, ಅಪರಾಧದ ಚರಿತ್ರೆಯುಳ್ಳವರು, ಹಿಂದೆ ದೊಂಬಿಯಲ್ಲಿ ಸಿಕ್ಕಿದವರು ಇಂಥವರ ಪರವಾನಗಿಗಳನ್ನು ಅದು ಒಂದೊಂದಾಗಿ ತೂಗಿ ನೋಡಬೇಕು. ಒಂದೊಂದಾಗಿ ನೋಡುವದು ಶ್ರಮದ ಕೆಲಸ. ಒಂದೇ ಆಜ್ಞೆಯಿಂದ ಎಲ್ಲವನ್ನೂ ತರಿಸಿಕೊಳ್ಳುವದು ಸುಲಭದ ಕೆಲಸ. ಕಚೇರಿಯ ಸೌಕರ್ಯಕ್ಕೆ ಶಾಂತಿರಕ್ಷಣೆಯೆಂದು ಹೆಸರಿಡುವದು ಸರಿಯಲ್ಲ. ೨೦೨೪ರಲ್ಲಿ ನೆರೆಯ ದಕ್ಷಿಣ ಕನ್ನಡ ಜಿಲ್ಲೆಯ ಕೃಷಿಕರು ಈ ಪ್ರಶ್ನೆಯನ್ನು ಹೈಕೋರ್ಟಿನವರೆಗೆ ಒಯ್ಯಬೇಕಾಯಿತು.

ಇಲ್ಲಿ ಕೊಡಗಿನ ಮಾತನ್ನು ಎತ್ತದಿದ್ದರೆ ಸಭೆಯಲ್ಲಿ ಯಾರಾದರೂ ಎತ್ತುವರು. ೧೮೬೧ರಲ್ಲಿ ಮಾರ್ಕ್ ಕಬ್ಬನ್ನರು ಕೊಡವರಿಗೆ ಕೊಟ್ಟ ವಿನಾಯಿತಿಯು ರೂಪಾಂತರಗೊಂಡು ಇಂದಿಗೂ ಉಳಿದಿದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ಆ ರಿಯಾಯತಿಯನ್ನು ಕೇಂದ್ರ ಸರಕಾರವು ೨೦೧೯ರಲ್ಲಿ ಮತ್ತೆ ಹತ್ತು ವರುಷ ಮುಂದುವರಿಸಿತು. ೨೦೨೧ರಲ್ಲಿ ಕರ್ನಾಟಕದ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ೧೯೫೬ರವರೆಗೆ ನಾವು ಮದರಾಸಿನವರು, ಅವರು ಪ್ರತ್ಯೇಕ ರಾಜ್ಯದವರು. ಏಕೀಕರಣದಿಂದ ಒಂದೇ ಮನೆಯವರಾದೆವು. ಹಾಗೆಂದು ಅವರಿಗಿದ್ದದ್ದು ನಮಗೂ ಬೇಕೆಂದು ಕೇಳುವದು ನಮ್ಮ ಉದ್ದೇಶವಲ್ಲ. ಅಲ್ಲಿ ಕೈಲ್ಪೊಳ್ದಿನಂದು ಶಸ್ತ್ರವನ್ನು ಪೂಜಿಸುವ ಕುಲಾಚಾರವಿದೆ, ಕೋವಿಯನ್ನು ಹಿರಿಯರ ಕೈಯಿಂದ ಕಲಿಯುವ ಪದ್ಧತಿಯಿದೆ. ನಮ್ಮಲ್ಲಿ ಅದಿಲ್ಲ. ನಮಗೆ ಪರವಾನಗಿಯೇ ಯೋಗ್ಯವು. ಅದು ಸಕಾಲಕ್ಕೆ, ಸಕಾರಣವಾಗಿ ನಡೆಯಲಿ ಎಂದಷ್ಟೇ ಕೇಳುತ್ತೇವೆ.

ಇನ್ನು ಕೋವಿಯುಳ್ಳವರಿಗೆ ಎರಡು ಕಟುವಾದ ಮಾತುಗಳನ್ನು ಹೇಳಬೇಕಾಗಿದೆ. ಬೆಳೆರಕ್ಷಣೆಯ ಪರವಾನಗಿಯು ಬೇಟೆಯ ಪರವಾನಗಿಯಲ್ಲ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಗದ್ದೆಗೆ ಬಂದ ಮೃಗವನ್ನೂ ಕಾಯುತ್ತದೆ. ಕೊಲ್ಲಲು ಬೇರೆ ಅಪ್ಪಣೆ ಬೇಕು. ಸದ್ದಿನಿಂದ ಹೆದರಿಸಿ ಓಡಿಸುವದು ಒಂದು, ಮಾಂಸಕ್ಕಾಗಿ ನಾಲ್ಕು ಜನರನ್ನು ಕೂಡಿಸಿ ರಾತ್ರಿ ಕಾಡು ಹೊಗುವದು ಇನ್ನೊಂದು. ಪೊದೆ ಅಲುಗಿತೆಂದು ಹಂದಿಯೆಂದು ಬಗೆದು ಈಡು ಹೊಡೆದು ಜತೆಗಾರನನ್ನೇ ಕೆಡಹಿದ ಸುದ್ದಿಗಳು ಮಲೆನಾಡಿನಿಂದಲೂ ಕರಾವಳಿಯಿಂದಲೂ ಬರುತ್ತಲೇ ಇವೆ. ಕೋವಿಯನ್ನು ನೆರೆಯವನಿಗೆ ಎರವು ಕೊಡುವದು, ಮದ್ದು ತುಂಬಿಯೇ ಗೋಡೆಗೆ ಒರಗಿಸಿಡುವದು, ಅಜ್ಜ ತೀರಿಹೋದರೂ ಅವನ ಹೆಸರಿನ ಕೋವಿಯನ್ನು ಅಟ್ಟದಲ್ಲಿಯೇ ಬಿಡುವದು, ಇವೆಲ್ಲ ಅಪರಾಧವೋ ಅಪಾಯವೋ ಆಗಿದ್ದರೂ ಸದ್ಗೃಹಸ್ಥರೇ ಮಾಡುತ್ತಾರೆ. ಕುಡಿತವೂ ಜಗಳವೂ ಇರುವ ಮನೆಯಲ್ಲಿ ಕೋವಿಯಿದ್ದರೆ ಒಂದು ಗಳಿಗೆಯ ಸಿಟ್ಟು, ಒಂದು ಗಳಿಗೆಯ ಹತಾಶೆ, ಮರಳಿ ಬಾರದ ಅನರ್ಥವಾಗುವದು. ಪರವಾನಗಿಯಿಲ್ಲದ ನಾಡಕೋವಿ, ತಂತಿಯ ಉರುಳು, ಹಂದಿಗಿಟ್ಟ ಸಿಡಿಮದ್ದಿನ ಉಂಡೆ, ಇವುಗಳನ್ನು ಕಂಡೂ ಊರವರು ಬಾಯಿ ಮುಚ್ಚಿಕೊಂಡಿದ್ದರೆ, ಪರವಾನಗಿಯವನಿಗೆ ನ್ಯಾಯ ಕೇಳಲು ನಮಗೆ ಮುಖವಿರುವದಿಲ್ಲ.

ಗಾಂಧೀಜಿಯವರ ‘ಜನರ ಹತೋಟಿ’ಯು ಉಪಯೋಗಕ್ಕೆ ಬರುವದು ಇಲ್ಲಿಯೇ. ಇಂಥವನ ಗದ್ದೆ ಕಾಡಿನ ಅಂಚಿನಲ್ಲಿದೆಯೇ, ಇಂಥವನು ಕುಡಿದು ಹೆಂಡತಿಯನ್ನು ಬಡಿಯುವವನೇ ಎಂಬದು ಮಣಿಪಾಲದ ಜಿಲ್ಲಾ ಕಚೇರಿಗಿಂತ ಗ್ರಾಮ ಪಂಚಾಯತಿಗೆ ಚೆನ್ನಾಗಿ ಗೊತ್ತು. ಠಾಣೆಯ ವರದಿಯ ಜತೆಗೆ ಪಂಚಾಯತಿಯ ಮಾತನ್ನೂ ಅರಣ್ಯಾಧಿಕಾರಿಯ ಬೆಳೆನಾಶದ ವರದಿಯನ್ನೂ ಕೇಳಲಿ. ಮನೆಯ ಹೆಂಗಸರನ್ನೂ ಕೇಳಲಿ. ಅವರ ಮಾತು ಎಲ್ಲಕ್ಕಿಂತ ಹೆಚ್ಚು ನಂಬತಕ್ಕದ್ದು. ೨೦೧೬ರ ನಿಯಮಗಳು ಹೇಳುವ ಸುರಕ್ಷತಾ ಶಿಕ್ಷಣವನ್ನು, ಕೃಷಿಕರು ಹೇಗೂ ಬಂದುಹೋಗುವ ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದಲ್ಲಿ ವರುಷಕ್ಕೆರಡು ಸಲ ಏರ್ಪಡಿಸಿದರೆ ಯಾರಿಗೆ ನಷ್ಟ? ಪರವಾನಗಿ ಸಿಕ್ಕದವನು ಮೇಲುಮನವಿಗಾಗಿ ಮೈಸೂರಿನ ಪ್ರಾದೇಶಿಕ ಆಯುಕ್ತರವರೆಗೆ ಹೋಗಬೇಕು. ಜಡ್ಕಲಿನ ಒಕ್ಕಲಿಗೆ ಅದು ಸಿಕ್ಕದ ನ್ಯಾಯವೇ ಸರಿ. ವರುಷಕ್ಕೊಮ್ಮೆ ಉಡುಪಿಯಲ್ಲಿ ವಿಚಾರಣೆಯ ಬೈಠಕು ನಡೆಯಬೇಕು.

ಮುಂದಿನ ಚುನಾವಣೆಯ ಪ್ರಕಟನೆ ಹೊರಡುವ ಮೊದಲೇ ಪರಿಶೀಲನಾ ಸಮಿತಿಯು ಈ ಮೂರು ತಾಲ್ಲೂಕುಗಳ ಬೆಳೆರಕ್ಷಣೆಯ ಪರವಾನಗಿಗಳನ್ನು ನೋಡಿ, ಯಾರು ಕೋವಿಯನ್ನು ಒಪ್ಪಿಸಬೇಕು, ಏಕೆ ಒಪ್ಪಿಸಬೇಕು ಎಂಬದನ್ನು ಅವರವರಿಗೆ ಬರೆದು ತಿಳಿಸಲೆಂದು ಜಿಲ್ಲಾಧಿಕಾರಿಗಳಿಗೆ ಒಂದು ಮನವಿಯನ್ನು ಬರೆದಿದ್ದೇವೆ. ಅದು ಬಾಗಿಲ ಬಳಿಯ ಮೇಜಿನ ಮೇಲಿದೆ. ಕೋವಿಯಿಲ್ಲದವರೂ ಅದಕ್ಕೆ ರುಜು ಹಾಕಬಹುದು.